ಬೇ ರಮ್‌ನಲ್ಲಿ ರಮ್ ಇದೆಯಾ? ಪಲಾವ್ ಎಲೆಯಲ್ಲಿ ಮಾಡಿಕೊಳ್ಳಬಹುದಾ?

ಪ್ರಶ್ನೆ: ಅಮೆರಿಕದಲ್ಲಿರುವ ನಮ್ಮ ಅಣ್ಣ ಊರಿಗೆ ಬಂದಾಗ ಒಂದು ಬಾಟಲಿ ಬೇ ರಮ್ ತಂದುಕೊಟ್ಟ, ಗಡ್ಡ ತೆಗೆದ ಮೇಲೆ ಹಚ್ಚಿಕೊಳ್ಳೋಕೆ ಅಂತ. ಮುಚ್ಚಳ ತೆಗೆದರೆ ಬರೀ ಲವಂಗ. ಹೆಂಡತಿ "ಹಲ್ಲಿನ ಡಾಕ್ಟರ ಹತ್ರ ಹೋಗಿದ್ರಾ" ಅಂತ ಕೇಳುತ್ತಾಳೆ. ಮುಕ್ಕಾಲು ಗಂಟೆ ಕಳೆದರೆ ವಾಸನೆಯೇ ಇರುವುದಿಲ್ಲ. ಇದು ಒರಿಜಿನಲ್ಲೋ ಡೂಪ್ಲಿಕೇಟೋ? ಇದರಲ್ಲಿ ನಿಜವಾಗಿ ರಮ್ ಇದೆಯಾ? ಬೇ ಲೀಫ್ ಅಂದರೆ ನಮ್ಮ ಪಲಾವ್ ಎಲೆ ಅಲ್ವಾ, ಅದನ್ನು ರಮ್‌ನಲ್ಲಿ ನೆನೆಸಿಟ್ಟು ಮನೆಯಲ್ಲೇ ಮಾಡಿಕೊಳ್ಳಬಹುದಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಇಷ್ಟೊತ್ತಿಗೆ ನೀವು ಎಲೆ ನೆನೆಸಿಟ್ಟಿದ್ದರೂ ಇಟ್ಟಿರಬಹುದು. ಪಲಾವ್ ಎಲೆಯಲ್ಲಿ ಬೇ ರಮ್ ಆಗುವುದಿಲ್ಲ. ಮರವೇ ಬೇರೆ.

ಇಲ್ಲಿ ಮೂರು ಮರಗಳು ಒಂದರಲ್ಲೊಂದು ಕಲೆಸಿಹೋಗಿವೆ. ನಮ್ಮ ಪಲಾವ್, ಬಿರಿಯಾನಿಗೆ ಬೀಳುವ ಎಲೆ ದಾಲ್ಚಿನ್ನಿ ಜಾತಿಯದು. ಎಲೆಯ ಬುಡದಿಂದ ತುದಿಯ ಕಡೆಗೆ ಮೂರು ಉದ್ದ ನರಗಳು ಓಡುತ್ತವೆ ನೋಡಿ, ಅದೇ ಅದರ ಗುರುತು. ಯುರೋಪಿನವರು ಸೂಪಿಗೆ ಹಾಕುವ ಬೇ ಲೀಫ್ ಮೆಡಿಟರೇನಿಯನ್ ಕಡೆಯ ಲಾರೆಲ್ ಮರದ್ದು. ಅದಕ್ಕೆ ನಡುವೆ ಒಂದೇ ದಪ್ಪ ನರ, ವಾಸನೆ ಸ್ವಲ್ಪ ನೀಲಗಿರಿ ಎಣ್ಣೆಯ ಕಡೆಗೆ ವಾಲುತ್ತದೆ. ಬೇ ರಮ್‌ಗೆ ಬೇಕಾದದ್ದು ಈ ಎರಡೂ ಅಲ್ಲ, ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಬೆಳೆಯುವ ಪಿಮೆಂಟಾ ರೇಸಿಮೋಸ ಅನ್ನುವ ಮರ. ಇದು ನೇರಳೆ, ಪೇರಳೆ, ಲವಂಗ ಇರುವ ಕುಟುಂಬಕ್ಕೆ ಸೇರಿದ್ದು. ನಮ್ಮ ಮಲೆನಾಡು, ಕೊಡಗಿನ ಕೆಲವು ತೋಟಗಳಲ್ಲಿ ಆಲ್‌ಸ್ಪೈಸ್ ಅಂತ ಒಂದು ಗಿಡ ಇರುತ್ತದೆ. ಎಲೆ ಮುರಿದರೆ ಲವಂಗ, ಚಕ್ಕೆ, ಜಾಕಾಯಿ ಎಲ್ಲ ಒಟ್ಟಿಗೆ ಬಂದಂತಿರುತ್ತದೆ. ಅದು ಈ ಮರದ ಖಾಸಾ ದಾಯಾದಿ. ಬೇ ರಮ್ ಎಲೆ ಹೇಗಿರಬಹುದು ಅಂತ ಮೂಗಿನಿಂದಲೇ ತಿಳಿಯಬೇಕಿದ್ದರೆ ನಮ್ಮಲ್ಲಿ ಸಿಗುವ ಹತ್ತಿರದ ಎಲೆ ಅದೇ.

ಇನ್ನು ನಿಮ್ಮ ಹೆಂಡತಿಯ ಮೂಗು. ಅವರು ಹೇಳಿದ್ದು ಸರಿ. ಬೇ ಎಲೆಯ ಎಣ್ಣೆಯಲ್ಲಿ ಸುಮಾರು ಅರ್ಧದಷ್ಟು ಯೂಜಿನಾಲ್ ಅನ್ನುವ ವಸ್ತು ಇರುತ್ತದೆ. ಲವಂಗದ ಎಣ್ಣೆಯಲ್ಲಿ ಅದು ಇನ್ನೂ ಜಾಸ್ತಿ, ಮುಕ್ಕಾಲು ಪಾಲು, ಅದಕ್ಕಿಂತ ಮೇಲೂ ಇರಬಹುದು. ಹಲ್ಲಿನ ಡಾಕ್ಟರು ತಾತ್ಕಾಲಿಕವಾಗಿ ಹಲ್ಲು ತುಂಬುವಾಗ ಝಿಂಕ್ ಆಕ್ಸೈಡ್ ಪುಡಿಯನ್ನು ಕಲಸುವುದು ಇದೇ ಯೂಜಿನಾಲ್‌ನಲ್ಲಿ. ಕ್ಲಿನಿಕ್ಕಿನ ಬಾಗಿಲಲ್ಲೇ ಬರುವ ವಾಸನೆ ಅದೇ. ತುಳಸಿಯಲ್ಲೂ ಯೂಜಿನಾಲ್ ಇದೆ. ಬೇ ಎಣ್ಣೆಯಲ್ಲಿ ಇದರ ಜೊತೆ ಚಾವಿಕಾಲ್ ಅಂತ ಇನ್ನೊಂದು ಇದೆ. ಅದು ವೀಳ್ಯದೆಲೆಯಲ್ಲೂ ಉಂಟು. ಹಾಗಾಗಿ ಬೇ ರಮ್ ಹಚ್ಚಿಕೊಂಡವರ ಪಕ್ಕ ನಿಂತಾಗ ನಮ್ಮವರಿಗೆ ಎಲ್ಲೋ ತಾಂಬೂಲದ ನೆನಪು ಬಂದರೆ ಅದು ಬರೀ ಭ್ರಮೆ ಅಲ್ಲ. ಅಮೆರಿಕದವರಿಗೆ ಇದು ಅಜ್ಜನ ಕಾಲದ ಕ್ಷೌರದಂಗಡಿಯ ವಾಸನೆ. ನಮಗೆ ಊಟ ಆದ ಮೇಲಿನ ತಾಂಬೂಲದ ತಟ್ಟೆಯ ವಾಸನೆ.

ಮೂರನೆಯದು ಮಿರ್ಸೀನ್. ಹಗುರ, ಹಸಿರು, ಸ್ವಲ್ಪ ಮೇಣದ ಹಾಗಿನ ಪರಿಮಳ. ಎಣ್ಣೆಯನ್ನು ಭಟ್ಟಿ ಇಳಿಸುವಾಗ ಇದು ನೀರಿನ ಮೇಲೆ ತೇಲುತ್ತದೆ. ಯೂಜಿನಾಲ್ ಜಾಸ್ತಿ ಇರುವ ಭಾಗ ನೀರಿಗಿಂತ ಭಾರ, ತಳಕ್ಕೆ ಇಳಿಯುತ್ತದೆ. ಒಂದೇ ಎಲೆ, ಒಂದೇ ಹಂಡೆ, ಆದರೆ ಎಣ್ಣೆ ಎರಡು ಪಾಲಾಗಿ ಬರುತ್ತದೆ. ಎರಡನ್ನೂ ಸೇರಿಸಿದರೇನೇ ಬೇ ಎಣ್ಣೆ. ತಳದ್ದನ್ನು ಮಾತ್ರ ತೆಗೆದುಕೊಂಡರೆ ಲವಂಗದ ಎಣ್ಣೆಗೂ ಅದಕ್ಕೂ ಹೆಚ್ಚು ವ್ಯತ್ಯಾಸ ಗೊತ್ತಾಗುವುದಿಲ್ಲ. ಅಗ್ಗದ ಬೇ ರಮ್‌ಗಳು ಲವಂಗ ಲವಂಗ ಅಂತ ಹೊಡೆಯುವುದಕ್ಕೆ ಒಂದು ಕಾರಣ ಇದು. ಇನ್ನೊಂದು ಕಾರಣ, ಲವಂಗದ ಎಣ್ಣೆಯನ್ನೇ ಬೆರೆಸಿರುತ್ತಾರೆ. ಅದು ಸುಲಭವಾಗಿ ಸಿಗುತ್ತದೆ, ಬೆಲೆಯೂ ಕಡಿಮೆ.

ರಮ್ ಇದೆಯಾ ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಸೇಂಟ್ ಥಾಮಸ್, ಸೇಂಟ್ ಜಾನ್, ಸೇಂಟ್ ಕ್ರಾಯ್, ವೆಸ್ಟ್ ಇಂಡೀಸ್‌ನ ಈ ಮೂರು ದ್ವೀಪಗಳು 19ನೇ ಶತಮಾನದಲ್ಲಿ ಡೆನ್ಮಾರ್ಕಿನ ಕೈಯಲ್ಲಿದ್ದವು. ಸೇಂಟ್ ಜಾನ್‌ನ ಗುಡ್ಡಗಳಲ್ಲಿ ಬೇ ಮರ ತಾನಾಗಿ ಬೆಳೆಯುತ್ತಿತ್ತು. ಸೇಂಟ್ ಕ್ರಾಯ್‌ನಲ್ಲಿ ಕಬ್ಬು, ಸಕ್ಕರೆ, ರಮ್. ಸೇಂಟ್ ಥಾಮಸ್ ಬಂದರಿನಲ್ಲಿ ಎಲ್ಲ ದೇಶದ ಹಡಗುಗಳೂ ಬಂದು ನಿಲ್ಲುತ್ತಿದ್ದವು. ಎಲೆ, ಸಾರಾಯಿ, ಹಡಗು ಮೂರೂ ಒಂದು ದಿನದ ದಾರಿಯೊಳಗೆ ಇದ್ದವು ಅಂದಮೇಲೆ ಈ ಸರಕು ಬೇರೆ ಎಲ್ಲಿ ಹುಟ್ಟಬೇಕು ಹೇಳಿ. ನಾವಿಕರು ಮೈ ನಾತ ಮರೆಸಲು ಎಲೆಯನ್ನು ಉಜ್ಜಿಕೊಳ್ಳುತ್ತಿದ್ದರು, ಆಮೇಲೆ ರಮ್‌ನಲ್ಲಿ ನೆನೆಸತೊಡಗಿದರು ಅಂತ ಒಂದು ಕಥೆ ಪ್ರತಿ ಬಾಟಲಿಯ ಮೇಲೂ ಇರುತ್ತದೆ. ಕಥೆ ಚೆನ್ನಾಗಿದೆ. ನಾನು ಅದಕ್ಕೆ ಹೆಚ್ಚು ತೂಕ ಕೊಡುವುದಿಲ್ಲ. ದಾಖಲೆಯಲ್ಲಿ ಸಿಗುವ ಮನುಷ್ಯ ಆಲ್ಬರ್ಟ್ ಹೈನ್ರಿಕ್ ರೀಸ ಅನ್ನುವ ಡೇನಿಶ್ ಔಷಧಿಕಾರ. 1838ರಲ್ಲಿ ಸೇಂಟ್ ಥಾಮಸ್‌ಗೆ ಬಂದು ಔಷಧಿ ಅಂಗಡಿ ಇಟ್ಟವನು. ಗಿಡಮೂಲಿಕೆಗಳ ಹುಚ್ಚು ಇದ್ದವನು. ಬೇ ರಮ್ ಅನ್ನು ಹದವಾಗಿ ತಯಾರಿಸಿ, ಬಾಟಲಿಗೆ ತುಂಬಿ, ಹೊರದೇಶಗಳಿಗೆ ಕಳಿಸುವ ವ್ಯಾಪಾರವಾಗಿ ಮಾಡಿದ್ದು ಅವನು. ಆ ಹೆಸರಿನ ಅಂಗಡಿ ಅಲ್ಲಿನ ರಾಜಧಾನಿ ಶಾರ್ಲೆಟ್ ಅಮೇಲಿಯದಲ್ಲಿ ಇವತ್ತಿಗೂ ಇದೆ.

ಎಲೆ ಕಿತ್ತವರ ಮಾತನ್ನು ಬಾಟಲಿಗಳ ಮೇಲೆ ಯಾರೂ ಬರೆಯುವುದಿಲ್ಲ. ಆ ದ್ವೀಪಗಳಲ್ಲಿ ಗುಲಾಮಗಿರಿ ಕೊನೆಯಾದದ್ದು 1848ರಲ್ಲಿ. ಆಮೇಲೆ ಸೇಂಟ್ ಜಾನ್‌ನಲ್ಲಿ ಕಬ್ಬಿನ ತೋಟಗಳು ಒಂದೊಂದಾಗಿ ಮುಚ್ಚಿಹೋದವು. ಅಲ್ಲೇ ಉಳಿದ ಜನಕ್ಕೆ ಕೈಗೆ ನಾಲ್ಕು ಕಾಸು ಬರುತ್ತಿದ್ದ ಕೆಲಸಗಳಲ್ಲಿ ಈ ಎಲೆ ಕೀಳುವುದೂ ಒಂದು. ಹಗುರ ಮೈಯ ಮಕ್ಕಳನ್ನು ಮರ ಹತ್ತಿಸುತ್ತಿದ್ದರು. 1917ರಲ್ಲಿ ಡೆನ್ಮಾರ್ಕ್ ಈ ದ್ವೀಪಗಳನ್ನು 2.5 ಕೋಟಿ ಡಾಲರ್ ಚಿನ್ನಕ್ಕೆ ಅಮೆರಿಕಕ್ಕೆ ಮಾರಿತು. ನಿಮ್ಮ ಬಾಟಲಿಯ ಮೇಲೆ "ವರ್ಜಿನ್ ಐಲ್ಯಾಂಡ್" ಅಂತ ಇದ್ದರೆ ಅದು ಇದೇ ಜಾಗ. ಸೇಂಟ್ ಜಾನ್‌ನ ಬಹುಭಾಗ ಈಗ ರಾಷ್ಟ್ರೀಯ ಉದ್ಯಾನ. ಸಿನಮನ್ ಬೇ ಅನ್ನುವ ಕಡೆ ಕಾಲುದಾರಿಯಲ್ಲಿ ನಡೆದರೆ ಹಳೇ ತೋಟದ ಅವಶೇಷದ ನಡುವೆ ಬೇ ಮರಗಳು ಈಗಲೂ ನಿಂತಿವೆ.

ಶುರುವಿನಲ್ಲಿ ರಮ್ ನಿಜವಾಗಿಯೂ ಇತ್ತು. ಎಲೆಯನ್ನು ರಮ್ ಜೊತೆ ಹಂಡೆಗೆ ಹಾಕಿ ಒಟ್ಟಿಗೇ ಭಟ್ಟಿ ಇಳಿಸುತ್ತಿದ್ದರು. ಹೀಗೆ ಮಾಡಿದ್ದು ನೀರಿನಂತೆ ತಿಳಿಯಾಗಿರುತ್ತದೆ, ಅದರಲ್ಲಿ ಕುಡಿಯುವ ರಮ್ಮಿನ ಬಣ್ಣವೂ ಇರುವುದಿಲ್ಲ, ಸಿಹಿಯೂ ಇರುವುದಿಲ್ಲ. ಆಮೇಲೆ ಸುಲಭದ ದಾರಿ ಸಿಕ್ಕಿತು. ಎಣ್ಣೆಯನ್ನು ಬೇರೆಯಾಗಿ ತೆಗೆದು, ಅದನ್ನು ಸಾದಾ ಸ್ಪಿರಿಟ್ಟಿಗೆ ಬೆರೆಸಿ, ನೀರು ಹಾಕುವುದು. 19ನೇ ಶತಮಾನದ ಕೊನೆಯ ಹೊತ್ತಿಗೆ ಅಮೆರಿಕದ ಔಷಧಿ ಸಂಹಿತೆಯಲ್ಲೇ ಇದರ ಅಳತೆ ಅಚ್ಚಾಗಿತ್ತು. ಬೇ ಎಣ್ಣೆ, ಚೂರೇ ಚೂರು ಕಿತ್ತಳೆ ಸಿಪ್ಪೆಯ ಎಣ್ಣೆ, ಅಷ್ಟೇ ಆಲ್‌ಸ್ಪೈಸ್ ಎಣ್ಣೆ, ಆಲ್ಕೋಹಾಲ್, ನೀರು. ಇವತ್ತಿಗೂ ಇದೇ ಮೂಲ. ಹಾಗಾಗಿ ನಿಮ್ಮ ಬಾಟಲಿಯಲ್ಲಿ ಬಹುಶಃ ಒಂದು ಹನಿ ರಮ್ಮೂ ಇಲ್ಲ. ಹಿಂಬದಿಯ ಪಟ್ಟಿಯನ್ನು ಓದಿ. ಮೊದಲ ಹೆಸರು "ಎಸ್‌ಡಿ ಆಲ್ಕೋಹಾಲ್ 40-ಬಿ" ಅಂತಲೋ "ಆಲ್ಕೋಹಾಲ್ ಡಿನ್ಯಾಟ್" ಅಂತಲೋ ಇರುತ್ತದೆ. ಕುಡಿಯಲಾಗದಂತೆ ಕೆಡಿಸಿದ ಆಲ್ಕೋಹಾಲ್ ಅಂತ ಅರ್ಥ. ಇದನ್ನೂ ಕುಡಿದವರಿದ್ದಾರೆ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಇದ್ದಾಗ ಬಾರ್‌ಗಳು ಮುಚ್ಚಿದ್ದವು, ಕ್ಷೌರದಂಗಡಿ ತೆರೆದಿತ್ತು. ಜನ ಬೇ ರಮ್ಮನ್ನೇ ಕುಡಿದರು. ನೀವು ಅದಕ್ಕೆ ಹೋಗಬೇಡಿ, ಇದರಲ್ಲಿರುವ ಎಣ್ಣೆಗಳು ಹೊಟ್ಟೆಗಲ್ಲ.

ರಮ್ ಇಲ್ಲ ಅಂದಮಾತ್ರಕ್ಕೆ ಡೂಪ್ಲಿಕೇಟ್ ಅಲ್ಲ. ನನ್ನ ಲೆಕ್ಕದಲ್ಲಿ ರಮ್ ಇದ್ದರೂ ಇಲ್ಲದಿದ್ದರೂ ನಡೆಯುತ್ತದೆ, ಎಲೆ ಮುಖ್ಯ. ಒಳ್ಳೆಯ ಎಣ್ಣೆ, ಶುದ್ಧ ಸ್ಪಿರಿಟ್, ನೀರು ಇದ್ದರೆ ಅದು ಬೇ ರಮ್. "ರಮ್" ಅನ್ನುವ ಹೆಸರಿಗೆ ಮರುಳಾಗಿ ವೆನಿಲ್ಲಾ, ಸುಟ್ಟ ಸಕ್ಕರೆಯ ಪರಿಮಳ ಸುರಿದಿರುತ್ತಾರಲ್ಲ, ಅದೇ ನನಗೆ ಹಿಡಿಸುವುದಿಲ್ಲ. ಕೇಕಿನ ಅಂಗಡಿ ಅನಿಸುತ್ತದೆ.

ಈಗ ಬೇಗ ಹೋಗಿಬಿಡುವ ವಾಸನೆಯ ವಿಷಯ. ಇಲ್ಲಿ ನಿಮಗೆ ಮೋಸ ಆಗಿಲ್ಲ. ಹಳೇ ಅಳತೆಯಲ್ಲಿ ಒಂದು ಲೀಟರಿಗೆ ಎಣ್ಣೆ ಸುಮಾರು 8 ಮಿಲಿ ಮಾತ್ರ, ಅಂದರೆ ನೂರಕ್ಕೆ ಒಂದೂ ಇಲ್ಲ. ಸೆಂಟು, ಪರ್ಫ್ಯೂಮುಗಳಲ್ಲಿ ಇದರ ಹತ್ತಾರು ಪಟ್ಟು ಇರುತ್ತದೆ. ಮೇಲಾಗಿ ಮಿರ್ಸೀನ್ ಹಚ್ಚಿದ ಕೆಲವೇ ನಿಮಿಷಗಳಲ್ಲಿ ಹಾರಿಹೋಗುತ್ತದೆ. ಯೂಜಿನಾಲ್ ಸ್ವಲ್ಪ ಹೊತ್ತು ಕೂತಿದ್ದು ಅದೂ ಹೋಗುತ್ತದೆ. ಅದನ್ನು ಹಿಡಿದಿಡಲು ಕೆಳಗೆ ಗಂಧದ ಎಣ್ಣೆಯೋ ಕಸ್ತೂರಿಯೋ ಇಲ್ಲ. ಇದು ಮೈಗೆ ಎರಚಿಕೊಳ್ಳುವ ನೀರು, ಅತ್ತರು ಅಲ್ಲ. ಬೆಳಗ್ಗೆ ಗಡ್ಡ ತೆಗೆದಾಗ ಚುರುಗುಟ್ಟಿ, ತಂಪಾಗಿ, ಆಫೀಸು ತಲುಪುವ ಹೊತ್ತಿಗೆ ಜಾಗ ಖಾಲಿ ಮಾಡುತ್ತದೆ. ಇಡೀ ದಿನ ಪಕ್ಕದವರ ಮೂಗಿಗೆ ಕೂತಿರುವ ಸ್ಪ್ರೇಗಳ ಕಾಲದಲ್ಲಿ ನನಗಂತೂ ಇದು ದೊಡ್ಡ ಗುಣ. ನಿಮ್ಮ ಬಾಟಲಿ ಸಂಜೆವರೆಗೂ ಘಂ ಅಂದಿದ್ದರೆ ಆಗ ಇದರಲ್ಲಿ ಇನ್ನೇನೇನು ಹಾಕಿದ್ದಾರೆ ಅಂತ ನಾನು ಅನುಮಾನ ಪಡುತ್ತಿದ್ದೆ.

ಜಾಸ್ತಿ ಹೊತ್ತು ಬೇಕೇ ಬೇಕು ಅಂದರೆ ಎರಡನೇ ಸಲ ಹಚ್ಚಿ, ಒಂದೇ ಸಲ ಎರಡರಷ್ಟು ಬೇಡ. ಇಲ್ಲವೇ ಬೇ ರಮ್ ಆರಿದ ಮೇಲೆ ಕಿವಿಯ ಹಿಂದೆ ಗಂಧದ ಅತ್ತರು ಒಂದು ಚುಕ್ಕೆ ಇಟ್ಟುಕೊಳ್ಳಿ. ಮೈಸೂರಿನ ಗಂಧಕ್ಕೂ ಬೇ ಎಲೆಗೂ ಎಷ್ಟು ಚೆನ್ನಾಗಿ ಹೊಂದುತ್ತದೆ ಅಂದರೆ, ಇದನ್ನು ಅಲ್ಲಿನವರು ಇನ್ನೂ ಜಾಸ್ತಿ ಮಾಡಬೇಕಿತ್ತು ಅನಿಸುತ್ತದೆ. ಬಟ್ಟೆಗೆ ಮಾತ್ರ ಹಾಕಬೇಡಿ. ಬೇ ಎಣ್ಣೆ ಗಾಳಿ ತಾಗಿದರೆ ಕಂದಾಗುತ್ತದೆ, ಬಿಳಿ ಶರ್ಟು, ಪಂಚೆಯ ಮೇಲೆ ಕಲೆ ಕೂರಬಹುದು.

ಮುಖಕ್ಕೆ ಏನು ಉಪಯೋಗ? ಬ್ಲೇಡು ಕೂದಲಿನ ಜೊತೆ ಚರ್ಮದ ಮೇಲ್ಪದರವನ್ನೂ ಚೂರು ಕೆರೆಯುತ್ತದೆ, ಕಣ್ಣಿಗೆ ಕಾಣದ ಗೀರುಗಳಾಗುತ್ತವೆ. ಆಲ್ಕೋಹಾಲ್ ಅಲ್ಲಿನ ಕ್ರಿಮಿ ಕೊಲ್ಲುತ್ತದೆ, ಆರುವಾಗ ಶಾಖ ಎಳೆದುಕೊಂಡು ತಂಪು ಮಾಡುತ್ತದೆ. ಯೂಜಿನಾಲ್‌ಗೂ ಕ್ರಿಮಿ ತಡೆಯುವ ಗುಣ ಇದೆ, ಚರ್ಮವನ್ನು ಸ್ವಲ್ಪ ಮರಗಟ್ಟಿಸುವ ಗುಣವೂ ಇದೆ. ಮೊದಲ ಉರಿ ಇಳಿದ ಮೇಲೆ ಒಂಥರಾ ಮೊದ್ದು ತಂಪು ಉಳಿಯುತ್ತದಲ್ಲ, ಅದರಲ್ಲಿ ಇದರ ಪಾಲೂ ಇದೆ. ಕೆರಿಬಿಯನ್ ಮನೆಗಳಲ್ಲಿ ಇದನ್ನು ಜ್ವರ ಬಂದಾಗ ಹಣೆಗೆ, ನೋವು ಇದ್ದಾಗ ಮೈಕೈಗೆ ಉಜ್ಜುವುದೂ ಇದೆ. ಆದರೆ ರಕ್ತ ಬರುವ ಗಾಯಕ್ಕೆ ಬೇ ರಮ್ ಮದ್ದಲ್ಲ. ಅಲ್ಲಿಗೆ ನಮ್ಮ ಕ್ಷೌರದಂಗಡಿಯ ಪಟಿಕವೇ ವಾಸಿ. ಪಟಿಕವನ್ನು ಒದ್ದೆ ಮುಖಕ್ಕೆ ಉಜ್ಜಿ, ತೊಳೆದು, ಒರೆಸಿ, ಆಮೇಲೆ ಬೇ ರಮ್. ಅಂಗೈಗೆ ಅರ್ಧ ಟೀ ಚಮಚದಷ್ಟು ಸಾಕು. ಎರಡೂ ಅಂಗೈಗೆ ಸವರಿಕೊಂಡು ಕೆನ್ನೆ, ಗದ್ದ, ಕತ್ತಿಗೆ ತಟ್ಟಿ. ಕಣ್ಣಿನ ಹತ್ತಿರ ಬೇಡ. ಒಣ ಚರ್ಮ ಆಗಿದ್ದರೆ ಮೇಲೆ ಸ್ವಲ್ಪ ಕ್ರೀಮು ಹಚ್ಚಿ, ಇಲ್ಲದಿದ್ದರೆ ನಮ್ಮ ಬಯಲುಸೀಮೆಯ ಬೇಸಿಗೆಯಲ್ಲಿ ಆಲ್ಕೋಹಾಲ್ ಮುಖವನ್ನು ಬಿರಿಸಿಬಿಡುತ್ತದೆ.

ಮೊದಲ ಸಲ ಹಚ್ಚುವ ಮೊದಲು ಮೊಣಕೈಯ ಒಳಭಾಗಕ್ಕೆ ಹಚ್ಚಿ ಎರಡು ದಿನ ಕಾಯಿರಿ. ಯೂಜಿನಾಲ್ ಕೆಲವರಿಗೆ ಅಲರ್ಜಿ ಮಾಡುತ್ತದೆ. ಯುರೋಪಿನಲ್ಲಿ ಮೈಗೆ ಹಚ್ಚುವ ವಸ್ತುವಿನಲ್ಲಿ ಇದು ನಿಗದಿಗಿಂತ ಹೆಚ್ಚಿದ್ದರೆ ಹೆಸರು ಬರೆಯಲೇಬೇಕು ಅಂತ ಕಾನೂನಿದೆ. ತುರಿಕೆ, ಕೆಂಪು ಕಂಡರೆ ಬಾಟಲಿಯನ್ನು ಬೇರೆ ಯಾರಿಗಾದರೂ ಕೊಟ್ಟುಬಿಡಿ. ಮನೆಯಲ್ಲಿ ಬೆಕ್ಕು ಇದ್ದರೆ ಅದು ನೆಕ್ಕದ ಹಾಗೆ ನೋಡಿಕೊಳ್ಳಿ, ಇಂಥ ಎಣ್ಣೆಗಳನ್ನು ಬೆಕ್ಕಿನ ಮೈ ಅರಗಿಸಿಕೊಳ್ಳುವುದಿಲ್ಲ.

ಮನೆಯಲ್ಲಿ ಮಾಡುವ ಆಸೆ ಇದ್ದೇ ಇದೆ ಅಂತ ಗೊತ್ತು. ರಮ್‌ನಲ್ಲಿ ಪಲಾವ್ ಎಲೆ ನೆನೆಸಿದರೆ ಏನಾಗುತ್ತದೆ ಹೇಳುತ್ತೇನೆ. ನಮ್ಮ ಅಂಗಡಿಯ ರಮ್‌ನಲ್ಲಿ ಆಲ್ಕೋಹಾಲ್ 42.8%. ಎಲೆಯ ಎಣ್ಣೆ ಪೂರ್ತಿ ಕರಗಲು ಇದು ಸಾಲದು. ಕಪ್ಪು ರಮ್ಮಿನ ಬಣ್ಣ, ಸಿಹಿ ಮುಖಕ್ಕೆ ಅಂಟುತ್ತದೆ. ಪಲಾವ್ ಎಲೆಯಲ್ಲಿ ಮರದಿಂದ ಮರಕ್ಕೆ ಸತ್ವ ಬೇರೆ ಬೇರೆ ಇರುತ್ತದೆ, ಕೆಲವು ಎಲೆಗಳಲ್ಲಿ ಚಕ್ಕೆಯಲ್ಲಿರುವ ಸಿನಮಾಲ್ಡಿಹೈಡ್ ಜಾಸ್ತಿ. ಅದು ಚರ್ಮಕ್ಕೆ ಯೂಜಿನಾಲ್‌ಗಿಂತ ಕೆಟ್ಟದ್ದು. ಆಗಷ್ಟೇ ಬ್ಲೇಡು ಆಡಿದ ಮುಖಕ್ಕೆ ಅದನ್ನು ಹಚ್ಚುವುದು ಬೇಡವೇ ಬೇಡ.

ಸರಿಯಾಗಿ ಮಾಡುವುದಾದರೆ ಪಿಮೆಂಟಾ ರೇಸಿಮೋಸ ಅಂತ ಸ್ಪಷ್ಟವಾಗಿ ಬರೆದಿರುವ ಬೇ ಎಣ್ಣೆ ಕೊಳ್ಳಿ. ಬರೀ "ಬೇ ಲೀಫ್ ಆಯಿಲ್" ಅಂತ ಇದ್ದರೆ ಅದು ಲಾರೆಲ್ಲೂ ಆಗಿರಬಹುದು, ತೇಜ್‌ಪತ್ತಾ, ಅಂದರೆ ನಮ್ಮ ಪಲಾವ್ ಎಲೆಯದೂ ಆಗಿರಬಹುದು. ಈ ಮರದಲ್ಲೇ ನಿಂಬೆ ವಾಸನೆಯ ಬಗೆ ಒಂದಿದೆ, ಸೋಂಪಿನ ವಾಸನೆಯದು ಇನ್ನೊಂದಿದೆ. ನಿಮಗೆ ಬೇಕಾದದ್ದು ಲವಂಗದ ಬಗೆ. ಪರೀಕ್ಷೆಯ ವರದಿ ಕೊಡುವ ವ್ಯಾಪಾರಿಯ ಹತ್ತಿರ ತೆಗೆದುಕೊಂಡರೆ ಒಳ್ಳೆಯದು. 100 ಮಿಲಿಗೆ ಈ ಎಣ್ಣೆ 0.8 ಮಿಲಿ ಸಾಕು, ಸಣ್ಣ ಸಿರಿಂಜಿನಲ್ಲಿ ಅಳೆಯಿರಿ. ಇಷ್ಟಕ್ಕೆ ಯೂಜಿನಾಲ್ 0.4%ರ ಆಸುಪಾಸು ಬರುತ್ತದೆ. ಕಿತ್ತಳೆ ಎಣ್ಣೆ ಒಂದು ಹನಿ, ಆಲ್‌ಸ್ಪೈಸ್ ಎಣ್ಣೆ ಸಿಕ್ಕರೆ ಒಂದು ಹನಿ. ಇವನ್ನು 65 ಮಿಲಿ ಆಲ್ಕೋಹಾಲ್‌ನಲ್ಲಿ ಕರಗಿಸಿ, ಉಳಿದ ಜಾಗಕ್ಕೆ ಡಿಸ್ಟಿಲ್ಡ್ ವಾಟರ್ ಅನ್ನು ನಿಧಾನಕ್ಕೆ ಸೇರಿಸಿ. ಮಬ್ಬಾಗುತ್ತದೆ, ಹೆದರಬೇಡಿ. ಗಾಜಿನ ಬಾಟಲಿಯಲ್ಲಿ ವಾರವೊಂದರ ಕಾಲ ಮುಚ್ಚಿಟ್ಟು, ಫಿಲ್ಟರ್ ಪೇಪರಿನಲ್ಲಿ ಸೋಸಿ. ಪ್ಲಾಸ್ಟಿಕ್ ಬೇಡ, ಯೂಜಿನಾಲ್ ಕೆಲವು ಪ್ಲಾಸ್ಟಿಕ್ಕುಗಳನ್ನು ತಿಂದುಬಿಡುತ್ತದೆ.

ಆಲ್ಕೋಹಾಲ್ ಎಲ್ಲಿ ಸಿಗುತ್ತದೆ ಅನ್ನುವುದೇ ತಲೆನೋವು. ಶುದ್ಧ ಸ್ಪಿರಿಟ್ ಅಬಕಾರಿ ಲೈಸೆನ್ಸಿನ ವಸ್ತು, ಯಾರ್ಯಾರಿಗೋ ಕೊಡುವುದಿಲ್ಲ. ಸುಗಂಧ ಸಾಮಗ್ರಿ ಮಾರುವವರ ಹತ್ತಿರ ಪರ್ಫ್ಯೂಮರ್ಸ್ ಆಲ್ಕೋಹಾಲ್ ಅಂತ ಕೇಳಿ. ಪೇಂಟ್ ಅಂಗಡಿಯ ಪಾಲಿಶ್ ಸ್ಪಿರಿಟ್ ಕಡೆ ತಿರುಗಿಯೂ ನೋಡಬೇಡಿ. ಅದರಲ್ಲಿ ಮೆಥನಾಲ್ ಇರುತ್ತದೆ. ಚರ್ಮದ ಮೂಲಕವೂ ಅದು ಒಳಗೆ ಹೋಗುತ್ತದೆ.

ಎಣ್ಣೆಯ ಬೆಲೆ ನೋಡಿ ಗಾಬರಿ ಆದರೆ ಕಾರಣ ಇದೆ. ಇವತ್ತು ಬೇ ಎಣ್ಣೆಗೆ ಹೆಸರಾದ ದೇಶ ಡೊಮಿನಿಕ. ಡೊಮಿನಿಕನ್ ರಿಪಬ್ಲಿಕ್ ಅಲ್ಲ, ಇದು ಬೇರೆ ಪುಟ್ಟ ದ್ವೀಪ. ಅದರ ಆಗ್ನೇಯ ಮೂಲೆಯ ಕಡಿದಾದ ಗುಡ್ಡಗಳಲ್ಲಿ ಸಣ್ಣ ರೈತರು ಎಲೆ ಕಡಿದು, ಸೌದೆ ಒಲೆಯ ಹಂಡೆಗಳಲ್ಲಿ ಗಂಟೆಗಟ್ಟಲೆ ಭಟ್ಟಿ ಇಳಿಸುತ್ತಾರೆ. ಈ ಕಸುಬಿನ ದೊಡ್ಡ ಊರು ಪೆಟೀಟ್ ಸವಾನ್. 2015ರ ಆಗಸ್ಟಿನಲ್ಲಿ ಎರಿಕಾ ಚಂಡಮಾರುತದ ಮಳೆಗೆ ಆ ಊರಿನ ಮೇಲೆ ಗುಡ್ಡ ಜಾರಿ ಜನ ಸತ್ತರು. ಉಳಿದವರನ್ನು ಅಲ್ಲಿಂದ ಎಬ್ಬಿಸಿ ಬೇರೆ ಕಡೆ ಸಾಗಿಸಿದರು. ಎರಡು ವರ್ಷಕ್ಕೆ, 2017ರ ಸೆಪ್ಟೆಂಬರಿನಲ್ಲಿ, ಮರಿಯಾ ಚಂಡಮಾರುತ ಬಂದು ಇಡೀ ದ್ವೀಪವನ್ನೇ ಬೋಳಿಸಿತು. ಕೊಡಗಿನ 2018 ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಗುಡ್ಡ ಜಾರಿದರೆ ಒಂದು ಸುಗಂಧವೇ ಮಾರುಕಟ್ಟೆಯಲ್ಲಿ ತುಟ್ಟಿ ಆಗುವಷ್ಟು ಸಣ್ಣ ಜಾಗದಲ್ಲಿ ಈ ಕಸುಬು ನಿಂತಿದೆ. ಆ ದೇಶದ ಹೆಸರಿರುವ ಬಾಟಲಿ ಸಿಕ್ಕರೆ ನಾನು ನಾಲ್ಕು ಕಾಸು ಜಾಸ್ತಿ ಕೊಟ್ಟು ಅದನ್ನೇ ತೆಗೆದುಕೊಳ್ಳುತ್ತೇನೆ.

ಅಣ್ಣನಿಂದ ಮುಂದಿನ ಸಲ ಏನು ತರಿಸಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪಿನೋ ಕ್ಲಬ್‌ಮನ್ ಕಂಪನಿಯ ವರ್ಜಿನ್ ಐಲ್ಯಾಂಡ್ ಬೇ ರಮ್ ಅಗ್ಗ, ಎಲ್ಲ ಕಡೆ ಸಿಗುತ್ತದೆ, ಲವಂಗ ಜೋರು. ಬರ್ಮುಡಾದ ರಾಯಲ್ ಬೇ ರಮ್ ಅದಕ್ಕಿಂತ ನಯ, ದುಡ್ಡೂ ಜಾಸ್ತಿ. ಓಗಲಾಲ ಅನ್ನುವ ಕಂಪನಿಯವರು ನಿಂಬೆ, ಕರಿಮೆಣಸು ಸೇರಿಸಿದ ಬಗೆಯನ್ನೂ ಮಾಡುತ್ತಾರೆ. ಮೆಣಸು ನಮ್ಮವರಿಗೆ ಬೇಗ ಹಿಡಿಸುತ್ತದೆ. ಆದರೆ ನಿಂಬೆ ಇರುವ ಯಾವುದೇ ಬೇ ರಮ್ ಆಗಲಿ, ಒಂದು ವಿಷಯ ನೋಡಿಕೊಳ್ಳಿ. ಹಿಂಡಿ ತೆಗೆದ ನಿಂಬೆ ಎಣ್ಣೆ ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಸುಟ್ಟಂತೆ ಕೆಂಪಾಗಿ, ಆಮೇಲೆ ತಿಂಗಳುಗಟ್ಟಲೆ ಹೋಗದ ಕಪ್ಪು ಕಲೆ ಉಳಿಯಬಹುದು. ಭಟ್ಟಿ ಇಳಿಸಿದ ನಿಂಬೆ ಎಣ್ಣೆಗೆ ಈ ತೊಂದರೆ ಇಲ್ಲ, ಆದರೆ ಯಾವುದನ್ನು ಹಾಕಿದ್ದಾರೆ ಅಂತ ಬಾಟಲಿ ಹೇಳುವುದಿಲ್ಲ. ಬೈಕಿನಲ್ಲಿ ಓಡಾಡುವವರಾದರೆ ಅಂಥದ್ದನ್ನು ಸಂಜೆಗೆ ಇಟ್ಟುಕೊಳ್ಳಿ, ಬೆಳಗ್ಗೆಗೆ ಸಾದಾ ಬೇ ರಮ್ಮೇ ಇರಲಿ.